ಸತ್ತ ಹುಳುವಿನ ಉಸಿರ್ನಾಳ

ಅಪ್ಪ,

ಕೊನೆಯ ಸಾಲಿನ ತನಕ ಓದು, ಆಮೇಲೆ ಬೇಕಾದರೆ ಹರಿದು ಹಾಕು. ಎದುರಿಗೆ ನಿಂತು ಹೇಳುವ ಧೈರ್ಯ ಒಂಬತ್ತು ವರ್ಷದಿಂದ ಬಂದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಳಗೆ ಮೀಸೆಮಾಮ ಮಲಗಿದ್ದಾರೆ. ಹೌದು, ನಿನ್ನ ಗೆಳೆಯನೇ. ನೀನು ಕೊಡಲಿ ಹಿಡಿದು ಹೋಗಿ ಯಾರ ಬಲಗೈ ಮುರಿದು ಬಂದೆಯೋ, ಅವರೇ. ಡಾಕ್ಟರು ಇವತ್ತೋ ನಾಳೆಯೋ ಎಂದಿದ್ದಾರೆ.

ಆ ವರ್ಷ ನಾನು ಎರಡು ವಾರ ಜೇನುರೋಗದ ತರಬೇತಿಗೆ ಹೋಗಿ ಬಂದಿದ್ದೆ. ಎರಡಕ್ಷರ ಕಲಿತವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕುಳಿತಾಗಲೂ ನಿನಗೆ ಪಾಠ. ಜೇನುಹುಳುವಿಗೆ ಶ್ವಾಸಕೋಶವಿಲ್ಲ, ಮೂಗಿಲ್ಲ. ಮೈಯ ಎರಡೂ ಪಕ್ಕದಲ್ಲಿ ಸಾಲಾಗಿ ತೂತುಗಳಿವೆ. ಅಲ್ಲಿಂದ ಒಳಗೆ ಕೊಳವೆಗಳು ಕವಲೊಡೆಯುತ್ತಾ ಕೂದಲಿಗಿಂತ ಸಣ್ಣದಾಗಿ, ಒಂದೊಂದು ಸ್ನಾಯುವಿಗೂ ಗಾಳಿಯನ್ನು ನೇರವಾಗಿ ಮುಟ್ಟಿಸುತ್ತವೆ. ರಕ್ತಕ್ಕೆ ಆ ಕೆಲಸವಿಲ್ಲ. ಕೊಳವೆ ಮುದುಡದಂತೆ ಒಳಗೋಡೆಗೆ ಸ್ಪ್ರಿಂಗಿನಂಥ ಸುರುಳಿ ಇದೆ. ಹೊಟ್ಟೆ ಹಿಗ್ಗಿ ಕುಗ್ಗಿ ತಿದಿಯ ಕೆಲಸ ಮಾಡುತ್ತದೆ. "ಇಷ್ಟ್ ದಿನ ಹುಳಗಳು ಇದೆಲ್ಲ ಗೊತ್ತಿಲ್ದೇನೇ ಉಸಿರಾಡ್ಕೊಂಡು ಬಂದ್ವಲ್ಲ, ಪಾಪ" ಎಂದು ನೀನು ನಗುತ್ತಿದ್ದೆ.

ಕುತ್ತಿಗೆಯ ಹಿಂದಿನ ಮೊದಲ ಜೋಡಿ ತೂತಿನಿಂದ ನುಸಿ ಒಳಹೊಕ್ಕು, ಕೊಳವೆಯಲ್ಲೇ ಮರಿ ಮಾಡಿ, ಹುಳುವಿನ ಉಸಿರು ಕಟ್ಟಿಸುತ್ತದೆ ಎಂದು ಕಲಿತಿದ್ದೆ. ಹುಳುವಿನ ತಲೆ ಕಿತ್ತು ಎದೆಯನ್ನು ಬ್ಲೇಡಿನಿಂದ ಸೀಳಬೇಕು. ಕೊಳವೆ ಬೆಳ್ಳಗಿದ್ದರೆ ಆರೋಗ್ಯ, ಕಪ್ಪಾಗಿದ್ದರೆ ನುಸಿ. ನುಸಿಯನ್ನೇ ನೋಡಲು ಸೂಕ್ಷ್ಮದರ್ಶಕ ಬೇಕು. ನನ್ನ ಹತ್ತಿರ ಇದ್ದದ್ದು ಭೂತಗನ್ನಡಿ, ಅದರಲ್ಲಿ ಕಾಣುವುದು ಬಣ್ಣ ಮಾತ್ರ. ನಮ್ಮ ಜೇನುಪೆಟ್ಟಿಗೆಗಳ ಕೆಳಗೆ ರಾಶಿ ಹುಳು ಸತ್ತು ಬಿದ್ದಿದ್ದವು. ಹತ್ತನ್ನು ಆಯ್ದು ಸೀಳಿದೆ. ಹತ್ತೂ ಕಪ್ಪು. "ನಾಲ್ಕು ದಿನ ತಾಳು, ನೋಡೋಣ" ಎಂದೆ ನೀನು. ನನಗೆ ತಾಳ್ಮೆ ಎಲ್ಲಿ? ನೀನು ಪೇಟೆಗೆ ಹೋಗಿದ್ದ ದಿನ ಸಂಜೆ, ಹುಳುಗಳೆಲ್ಲ ಮರಳಿದ ಮೇಲೆ, ಇಪ್ಪತ್ತಾರು ಪೆಟ್ಟಿಗೆಗಳ ಬಾಯಿಗೆ ಮಣ್ಣು ಮೆತ್ತಿ, ಪೆಟ್ರೋಲ್ ಸುರಿದು ಬೆಂಕಿ ಕೊಟ್ಟೆ. ಒಳಗಿನಿಂದ ಬಂದ ಸದ್ದನ್ನು ಬರೆಯಲಾರೆ. ಮೇಣ ಕರಗಿ ಹೊತ್ತಿಕೊಂಡಿತು. ಒಂದು ಮುಚ್ಚಳ ಸಿಡಿದು, ರೆಕ್ಕೆ ಸುಟ್ಟ ಹುಳುಗಳು ನನ್ನ ಪಾದದ ಮೇಲೆ ತೆವಳಿ ಅಲ್ಲೇ ಸತ್ತವು.

ನೀನು ಬಂದು ನೋಡಿದೆ. ಜೇನಿನ ಎರಿ ಎಬ್ಬಿಸುವ ಕಬ್ಬಿಣದ ಪಟ್ಟಿ ನಿನ್ನ ಕೈಗೆ ಸಿಕ್ಕಿತು. ಮೊದಲ ಏಟಿಗೆ ನನ್ನ ಕಿವಿ ಹರಿಯಿತು, ಎರಡನೆಯದಕ್ಕೆ ಕೆನ್ನೆಯ ಮೂಳೆ ಬಿರಿಯಿತು. ಮೂರನೆಯದಕ್ಕೆ ಅಮ್ಮ ಅಡ್ಡ ಬಂದಳು. ರಕ್ತ ಉಗುಳುತ್ತಲೇ ನಾನು ಭೂತಗನ್ನಡಿಯನ್ನು ನಿನ್ನ ಕೈಗಿಟ್ಟು, ಬಿಳಿ ಕಾಗದದ ಮೇಲಿದ್ದ ಕಪ್ಪು ಕೊಳವೆ ತೋರಿಸಿದೆ. ನೀನು ಬಹಳ ಹೊತ್ತು ನೋಡಿದೆ. "ಎಲ್ಲಿಂದ ಬಂತು?" ಎಂದೆ. "ಹೊರಗಿಂದ ತಂದ ರಾಣಿ ಹುಳದ ಜೊತೆ ಬರುತ್ತೆ" ಎಂದೆ ನಾನು. ಆ ವರ್ಷ ನಮಗೆ ರಾಣಿ ಕೊಟ್ಟಿದ್ದು ಮೀಸೆಮಾಮ ಒಬ್ಬರೇ. ಮರುದಿನ ಬೆಳಿಗ್ಗೆ ನೀನು ಅವರ ಹನ್ನೊಂದು ಪೆಟ್ಟಿಗೆಗಳನ್ನು ಸೀಳಿ ಹಾಕಿದೆ. ತಡೆಯಲು ಬಂದ ಅವರ ಬಲಗೈ ಮೇಲೆ ಕೊಡಲಿಯ ಮರದ ಕಾವಿನಿಂದ ಬಡಿದೆ. ನಿಮ್ಮಿಬ್ಬರ ಮುಖಕ್ಕೂ ಹುಳುಗಳು ಮುತ್ತಿಕೊಂಡಿದ್ದವಂತೆ, ಆದರೂ ನೀನು ನಿಲ್ಲಿಸಲಿಲ್ಲವಂತೆ.

ಅಪ್ಪ, ನುಸಿ ಇರಲಿಲ್ಲ.

ವಾರ ಕಳೆದು ತರಬೇತಿಯ ಮೇಷ್ಟ್ರ ಹತ್ತಿರ ನನ್ನ ಪರಾಕ್ರಮ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ಜೀವ ಇದ್ದ ಹುಳನೋ, ಸತ್ತು ಬಿದ್ದಿದ್ದೋ?" ಮನೆಗೆ ಬಂದು ಹೂವಿನ ಮೇಲಿದ್ದ ಎರಡು ಹುಳು ಹಿಡಿದೆ. ಒಂದನ್ನು ಆಗಲೇ ಸೀಳಿದೆ. ಕೊಳವೆ ಹಾಲಿನಷ್ಟು ಬಿಳಿ. ಇನ್ನೊಂದನ್ನು ಕೊಂದು, ನಾಲ್ಕು ದಿನ ಕಿಟಕಿಯಲ್ಲಿಟ್ಟು ಸೀಳಿದೆ. ಅದೇ ಕಪ್ಪು. ಮೈ ಕೊಳೆತಾಗ ಕೊಳವೆಯೂ ಕಪ್ಪಾಗುತ್ತದೆ, ಅಷ್ಟೇ. ಕೆಳಗೆ ಬಿದ್ದವು ಪಕ್ಕದ ತೋಟದವರು ಹೊಡೆದ ಔಷಧಿಗೆ ಸತ್ತಿದ್ದವು. ಪೆಟ್ಟಿಗೆಯೊಳಗಿನವು ಗಟ್ಟಿಮುಟ್ಟಾಗಿದ್ದವು. ಅವನ್ನು ನಾನು ಜೀವಂತ ಸುಟ್ಟೆ.

ಅದು ತಿಳಿದ ದಿನ ಸಂಜೆಯೇ ನೀನು ನನ್ನ ಬ್ಯಾಂಡೇಜು ಬದಲಿಸುತ್ತಾ ಅತ್ತುಬಿಟ್ಟೆ. "ನನ್ನ ಕೈ ಸೇದಿಹೋಗ್ಲಿ ಕಣೇ, ನೀನು ಮಾಡಿದ್ದೇ ಸರಿ" ಎಂದೆ. "ಹೋಗ್ಲಿ ಬಿಡಪ್ಪ" ಎಂದೆ ನಾನು, ಮಹಾ ಉದಾರಿಯ ಹಾಗೆ. ನಿನ್ನ ಏಟಿಗಿಂತ ನೂರು ಪಾಲು ಕ್ರೂರವಾದದ್ದು ಆ ಮಾತು. ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಇವತ್ತು ಬೆಳಿಗ್ಗೆ ಮೀಸೆಮಾಮನಿಗೆ ಎಲ್ಲ ಹೇಳಿದೆ. ಸೊಟ್ಟಗೆ ಕೂಡಿಕೊಂಡ ಬಲಗೈಯನ್ನು ನನ್ನ ತಲೆಯ ಮೇಲಿಟ್ಟು, "ನಿಮ್ಮಪ್ಪಂಗೆ ಹೇಳ್ಬೇಡಮ್ಮ. ನನ್ನನ್ನ ಬೈಕೊಂಡು ಹೇಗೋ ಬದುಕಿದಾನೆ. ನಿನ್ನನ್ನ ಬೈಯೋ ಹಾಗಾದ್ರೆ ಅವನು ಉಳಿಯಲ್ಲ" ಎಂದರು. ಹೇಳುವುದಿಲ್ಲ ಎಂದು ಆಣೆ ಮಾಡಿ ಹೊರಗೆ ಬಂದೆ. ಆದರೆ ಬಾಗಿಲು ಸದ್ದಾದಾಗಲೆಲ್ಲ ಅವರು ತಲೆ ಎತ್ತುತ್ತಾರೆ ಅಪ್ಪ. ಬಂದದ್ದು ನರ್ಸೋ ನಾನೋ ಎಂದು ತಿಳಿದು ಮತ್ತೆ ಕಣ್ಣು ಮುಚ್ಚುತ್ತಾರೆ. ಅದನ್ನು ಮೂರು ಸಲ ನೋಡಿದ ಮೇಲೆ ಆಣೆ ಮುರಿಯಲು ಕುಳಿತೆ.

ಕಾಗದವನ್ನು ತಮ್ಮನ ಕೈಲಿ ಕಳಿಸುತ್ತಿದ್ದೇನೆ. ಅವನಿಗೆ ಏನೂ ಗೊತ್ತಿಲ್ಲ. ಗಾಡಿ ಆಫ್ ಮಾಡಬೇಡ ಎಂದಷ್ಟೇ ಹೇಳಿದ್ದೇನೆ. ಅಂಗಿ ಬದಲಿಸುತ್ತಾ ನಿಲ್ಲಬೇಡ, ಹತ್ತಿಕೊ. ಒಂಬತ್ತು ವರ್ಷ ಅವರಿಗೆ ಹಾಕಿದ ಶಾಪವೆಲ್ಲ ನನಗೆ ಸೇರಬೇಕಾದದ್ದು. ನಾನು ಎಲ್ಲೂ ಓಡಿಹೋಗುವುದಿಲ್ಲ, ಇಲ್ಲೇ ಕುಳಿತಿರುತ್ತೇನೆ. ಬಂದವನು ನನ್ನ ಮುಂದೆ ನಿಲ್ಲಬೇಡ. ಮೊದಲು ಒಳಗೆ ಹೋಗು.

ನಿನ್ನ ಆಯಸ್ಸು ಗಟ್ಟಿಯಾಗಿರಲಿ. ಅವರದ್ದು ನೀನು ಬರುವಷ್ಟು ಹೊತ್ತಾದರೂ ಇರಲಿ.

ಕ್ಷಮೆ ಕೇಳಬೇಕಾದ ದಿನ ನಿನ್ನನ್ನೇ ಕ್ಷಮಿಸಿದ
ನಿನ್ನ ಮಗಳು