ಕರ್ನಲ್ ಸಾಹೇಬರ ಫ್ಲೆಕ್ಸಿನಲ್ಲಿ ನೀನು

ಅಪ್ಪಾ,

ನಿನ್ನ ಮೇಲಿನ ಕೋಪ ಇನ್ನೂ ಇಳಿದಿಲ್ಲ. ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದಂತೆ. ಯಾವ ಪುಣ್ಯಾತ್ಮ ಹೇಳಿದ್ದೋ!

ಕರ್ನಲ್ ಸಾಹೇಬರು ಚುನಾವಣೆಗೆ ನಿಂತಿದ್ದು ನೆನಪಿದೆಯಾ? ಮಿಲಿಟರಿಯಲ್ಲಿ ಅವರ ಜೀಪು ಓಡಿಸಿದವನು ನೀನು. ರಿಟೈರಾಗಿ ಎಷ್ಟು ವರ್ಷವಾದರೂ ಅವರ ಫೋನ್ ಬಂದರೆ ಊಟದ ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಿದ್ದೆ. "ಸಾಹೇಬ್ರು ನಮ್ಮ ಧರ್ಮ ಉಳಿಸೋ ಪಾರ್ಟಿ ಸೇರವ್ರೆ ಕಣ್ರಪ್ಪ" ಎಂದು ನಮ್ಮ ಕೊಡಿಗೇಹಳ್ಳಿಗೆಲ್ಲ ಸಾರಿದೆ. ಪ್ರಚಾರಕ್ಕೆ ಅವರು ಹಳೆಯ ಫೋಟೊ ಕೇಳಿದಾಗ ಗೋಡೆಯಿಂದ ಇಳಿಸಿ, ಒರೆಸಿ ಕೊಟ್ಟವಳು ನಾನೇ. ನನ್ನ ಬುದ್ಧಿಗಿಷ್ಟು...

ಹಿಮ ಕುಸಿದು ಹೂತುಹೋಗಿದ್ದ ಸಾಹೇಬರನ್ನು ನೀನೂ ನಿನ್ನ ಜೊತೆ ಸಿಪಾಯಿಯಾಗಿದ್ದ ರಹೀಂ ಮಾಮನೂ ಬರಿಗೈಯಲ್ಲಿ ಅಗೆದು ತೆಗೆದಿದ್ದಿರಿ. ಆಮೇಲೆ ಮೂವರೂ ನಿಂತು ತೆಗೆಸಿಕೊಂಡ ಫೋಟೊ ಅದು. ಹೆಬ್ಬಾಳದ ಫ್ಲೆಕ್ಸಿನಲ್ಲಿ ಸಾಹೇಬರಿದ್ದರು, ನೀನಿದ್ದೆ. ರಹೀಂ ಮಾಮ ಇರಲಿಲ್ಲ. ನಿನ್ನ ಭುಜದ ಮೇಲೆ ಮಾಮನ ಕೈ ಮಾತ್ರ ಉಳಿದಿತ್ತು. ಕತ್ತರಿಸಿದವನಿಗೆ ಕಣ್ಣಿರಲಿಲ್ಲವೇ?

ಅವತ್ತು ಪ್ರಚಾರ ಸಭೆಯ ವೇದಿಕೆಯಲ್ಲಿ ಸಾಹೇಬರು, "ನನ್ನನ್ನ ಬದುಕಿಸಿದ್ದು ಈ ಮಣ್ಣಿನ ಮಗ, ಒಬ್ಬನೇ!" ಎಂದು ಗುಡುಗಿದರು. ನೀನು ಎದ್ದು ಸೆಲ್ಯೂಟ್ ಹೊಡೆದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದ ಮೇಲೆ ಕೇಳಿದೆ, "ಮಾಮನ ಹೆಸರು ಯಾಕೆ ಬಿಟ್ರಿ ಅಂತ ಕೇಳ್ಬೇಕಿತ್ತಲ್ವಾ ಅಪ್ಪ?"

"ಸಾಹೇಬ್ರಿಗೆ ಎದುರು ಮಾತಾಡಕ್ಕಾಯ್ತದಾ? ಸುಮ್ಕಿರವ್ವ."

ಅಷ್ಟು ಹಿಮಕ್ಕೆ ಹೆದರದವನು ಒಂದು ಮೈಕಿನ ಮುಂದೆ... ಛೆ! ಆಮೇಲೆ ನೀನು ಆರ್.ಟಿ. ನಗರದ ಮಾಮನ ಮನೆ ಕಡೆ ತಲೆಹಾಕಲೇ ಇಲ್ಲ. ಮುಖ ತೋರಿಸಲು ನಾಚಿಕೆಯಾಯಿತಾ? ನೀನು ತೀರಿಹೋಗುವ ಹೊತ್ತಿಗೆ ಸಾಹೇಬರು ಮಂತ್ರಿಯಾಗಿದ್ದರು, ಹಾರ ಕಳಿಸಿದರು. ಚಟ್ಟಕ್ಕೆ ಹೆಗಲು ಕೊಟ್ಟವರು ರಹೀಂ ಮಾಮ.

ಹೋದ ವಾರ ಸಾಹೇಬರ ಪಿಎ ಬಂದಿದ್ದ. ನಮ್ಮ ಬೀದಿಯ ಪಾರ್ಕಿಗೆ ನಿನ್ನ ಹೆಸರಿಡುತ್ತಾರಂತೆ. ಸಾಹೇಬರನ್ನು ಒಬ್ಬನೇ ಉಳಿಸಿದ ವೀರ ಎಂದು ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. ಮನೆಯವರ ಒಪ್ಪಿಗೆ ಬೇಕಿತ್ತು.

"ಇಬ್ಬರು ಅಂತ ಬರೀರಿ. ಇಬ್ಬರ ಹೆಸರೂ ಹಾಕ್ರಿ" ಎಂದೆ.

"ಅದೆಲ್ಲ ಆಗಲ್ಲ ಮೇಡಂ, ಮೇಲಿಂದ್ಲೇ ಫೈನಲ್ ಆಗಿದೆ. ನೀವು ಸೈನ್ ಹಾಕಿ ಸಾಕು."

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಆ ಕಲ್ಲು ನೋಡಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತು! ನಾನು ಕಾಗದ ವಾಪಸ್ಸು ಕೊಟ್ಟೆ. ಸಂಜೆ ರಹೀಂ ಮಾಮನಿಗೆ ಹೇಳಿದಾಗ ಅವರೂ ಬೈದರು, "ಹುಚ್ಚೀ, ಅವನ ಹೆಸರಾದ್ರೂ ಉಳೀಲಿ ಅಂತ ಬಿಡಬೇಕಿತ್ತು" ಎಂದು.

ಬಿಡಲಿಲ್ಲ. ಪಾರ್ಕಿಗೆ ಈಗ ಇನ್ಯಾರದೋ ಹೆಸರು ಬರುತ್ತದೆ. ಈ ಊರಲ್ಲಿ ನಿನ್ನ ಹೆಸರು ಎಲ್ಲಿಯೂ ಇರುವುದಿಲ್ಲ ಅಪ್ಪ. ಬರಬೇಕಿದ್ದ ಹೆಸರನ್ನು ತಪ್ಪಿಸಿದವಳು ನಾನೇ.

ನಿನ್ನ ಮಗಳು,
ಸುಜಾತ