ವರ್ಲೀನಳ ದನಿ, ಮಂಗಳವಾರದವರೆಗೆ

ಮೆಂಫಿಸ್, ೧೫ ಅಕ್ಟೋಬರ್ ೧೯೭೮, ಭಾನುವಾರ

ನಾಡಿದ್ದು ಮಂಗಳವಾರ ವರ್ಲೀನಳ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಇಪ್ಪತ್ತೈದು ವರ್ಷ ಕ್ಲಬ್ಬುಗಳಲ್ಲಿ ಬ್ಲೂಸ್ ಹಾಡಿದ ನನ್ನ ಮಗಳು ಆಮೇಲೆ ಮಾತೂ ಆಡಲಾರಳಂತೆ.

ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಕೇಳಿದಳು: "ಅಮ್ಮಾ, ಇವತ್ತೊಂದಿನ ಒಬ್ಬಳೇ ಮುಂದೆ ನಿಂತು ಹಾಡಲಾ?"

"ಶನಿವಾರ ಹೆಂಡದಂಗಡೀಲಿ ಹಾಡೋರು ಭಾನುವಾರ ಇಲ್ಲಿ ಒಬ್ಬರೇ ಹಾಡೋ ಹಾಗಿಲ್ಲ. ಹಾಡುವವರ ಹಿರಿಯಳಾಗಿ ಈ ನಿಯಮ ಮಾಡಿದವಳು ನಾನು. ಮಗಳಿಗೊಂದು ಬೇರೆ ನಿಯಮ ಇಲ್ಲ."

"ತಾಯೀ, ನಿಮ್ಮ ಮುಂದೆ ದೇವರೂ ಕೈಕಟ್ಟಿ ನಿಲ್ಲಬೇಕು ಬಿಡಿ," ಎಂದು ಪಕ್ಕದಲ್ಲಿ ನಿಂತಿದ್ದ ಚರ್ಚಿನ ಹಿರಿಯರು, ಡೀಕನ್ ಲೂಷಿಯಸ್, ಗೊಣಗಿದರು.

ಆಮೇಲೆ ಒಳಗೆ ಅವರೇ ಹಳೆಯ ಕೀರ್ತನೆಯ ಒಂದೊಂದು ಸಾಲನ್ನು ಹೇಳಿಕೊಟ್ಟರು, ಎಲ್ಲರೂ ಎಳೆದೆಳೆದು ಹಾಡಿದೆವು. ಹಿಂದಿನ ಬೆಂಚಿನಿಂದ ವರ್ಲೀನಳ ದನಿ ಎದ್ದಿತು. ಒಡೆದಿತ್ತು, ಆದರೂ ಎದ್ದಿತು. ಅದನ್ನು ಕೇಳಲೆಂದು ಒಬ್ಬೊಬ್ಬರೇ ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ಅವಳ ದನಿಯ ಕೆಳಗೆ ನನ್ನದನ್ನಿಟ್ಟು ಕೊನೆಯ ಸಾಲಿನವರೆಗೂ ಹಾಡಿದೆ.

ಮಧ್ಯಾಹ್ನ ಕೋಳಿ ಕರಿದಿದ್ದೆ, ಸೊಪ್ಪು ಬೇಯಿಸಿದ್ದೆ. ಅವಳಿಗೆ ನುಂಗಲಾಗಲಿಲ್ಲ.

"ಎಂಥಾ ಹಟಾನಮ್ಮಾ ನಿಂದು! ನೀನೂ ನಿಲ್ಲಿಸಿದ್ರೆ ನಾನೊಬ್ಬಳೇ ಹಾಡಿದ ಹಾಗಾಗ್ತಿತ್ತು," ಎಂದು ನಕ್ಕಳು.

"ಅದಕ್ಕೇ ನಿಲ್ಲಿಸಲಿಲ್ಲ," ಎಂದೆ. ನಿಯಮಕ್ಕಾಗಿ ಎಂದುಕೊಂಡಿರಬೇಕು. ಎಂದುಕೊಳ್ಳಲಿ. ಆ ದನಿಯನ್ನು ಒಂಟಿಯಾಗಿ ಬಿಡಲು ನನ್ನಿಂದ ಆಗಲಿಲ್ಲ.

ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಹಿತ್ತಿಲ ಬಾಗಿಲು ಹಾಕಿದೆಯಾ ಎಂದು ಕೂಗಿ ಕೇಳಿದೆ.

"ನೀನೇ ಹಾಕಿದೆಯಲ್ಲಮ್ಮಾ!"

ಹೌದು, ನಾನೇ ಹಾಕಿದ್ದು. ಸ್ವಲ್ಪ ಹೊತ್ತು ಬಿಟ್ಟು, ಒಲೆ ಆರಿಸಿದೆಯಾ ಎಂದೆ.

"ಎಲ್ಲಾ ಆರಿದೆ. ಮಲಕ್ಕೋ ಅಮ್ಮಾ."

ಮುಂದೆ ಏನು ಕೇಳಲಿ ಎಂದು ಯೋಚಿಸುತ್ತಾ ಕೂತಿದ್ದೇನೆ. ಕಿಟಕಿ ಹಾಕಿದೆಯಾ ಎಂದು ಇನ್ನೂ ಕೇಳಿಲ್ಲ, ದೀಪ ಆರಿಸಿದೆಯಾ ಎಂದೂ ಕೇಳಿಲ್ಲ.