ಎಡಗಡೆಯ ಗೆರೆ

ರೇನರ್ಸ್ ಲೇನ್, ಲಂಡನ್
ಭಾನುವಾರ, 11 ಮೇ 2003

ಪ್ರೀತಿಯ ವಾರಿಜಾ,

ನಿನ್ನ ಬಿ.ಪಿ. ಹೇಗಿದೆ? ಮಾತ್ರೆ ಬದಲಾಯಿಸಿದ ಮೇಲೆ ತಲೆ ಸುತ್ತುವುದು ನಿಂತಿತೇ? ಮುಕುಂದರ ಸೊಂಟನೋವು ಕಡಿಮೆಯಾಗಿದೆ ಎಂದಿದ್ದೆ, ಪರ್ತ್‌ನಲ್ಲಿ ಚಳಿ ಹಿಡಿಯುವ ಮೊದಲು ಪೂರ್ತಿ ವಾಸಿಯಾಗಲಿ. ನಾನು ಇದ್ದೇನೆ. ಇವರು ಹೋಗಿ ಎಂಟು ತಿಂಗಳಾಯಿತು. ಮೊನ್ನೆ ರೆಸ್ಟೋರೆಂಟಿನವರು ಇವರ ದೋಸೆ ಸಟ್ಟುಗವನ್ನು ತೊಳೆದು, ಒರಸಿ, ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. ಇಪ್ಪತ್ತೆರಡು ವರ್ಷ ಇವರ ಕೈಯಲ್ಲಿದ್ದು ಒಂದು ಬದಿ ಸವೆದಿದೆ. ಎಲ್ಲಿಡಬೇಕೆಂದು ತಿಳಿಯದೆ ನನ್ನ ಡೈರಿಗಳ ಪಕ್ಕ ಇಟ್ಟಿದ್ದೇನೆ.

ಸಂದೇಶನನ್ನು ಫುಟ್‌ಬಾಲ್ ಕ್ಲಬ್ಬಿನವರು ಕೈಬಿಟ್ಟ ಸುದ್ದಿ ನಿಮಗೆ ಗೊತ್ತೇ ಇದೆ. ಶುಕ್ರವಾರ ಮುಕುಂದರು ಫೋನಿನಲ್ಲಿ ಮಗನಿಗೆ, ‘ಗಾಯ ಮುಚ್ಚಿಟ್ಟು ಕ್ಲಬ್ಬಿಗೆ ಸುಳ್ಳು ಹೇಳಿದವ ಈ ಮನೆಗೆ ಬರುವುದು ಬೇಡ’ ಎಂದರಂತೆ. ಅವನೇ ನನಗೆ ಹೇಳಿದ. ಹೇಳಿ ಎದ್ದುಹೋಗಿ ತಟ್ಟೆ ತೊಳೆದಿಟ್ಟ. ಈಗ ಹೇಸ್‌ನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಕೇಳಿಕೊಂಡು ಬಂದಿದ್ದಾನೆ. ಪರ್ತ್‌ಗೆ ಹೋಗುವುದಿಲ್ಲವಂತೆ. ಹತ್ತೊಂಬತ್ತು ವರ್ಷದ ಹುಡುಗ, ಆ ಕಾಲು ಇಟ್ಟುಕೊಂಡು ಪೆಟ್ಟಿಗೆ ಎತ್ತುತ್ತಾನೆ. ಅವನನ್ನು ಮನೆಗೆ ಕರೆಸಿಕೊಳ್ಳಿ ಎಂದು ಕೇಳಲಿಕ್ಕೇ ಈ ಕಾಗದ.

ನಿನ್ನೆ ಹಳೆಯ ಡೈರಿಗಳನ್ನು ತೆಗೆದು ಓದಿದೆ. 1999ರ ಆಗಸ್ಟ್‌ನಲ್ಲಿ, ‘ಸಂದೇಶ ಬಂದ. ಇನ್ನೂ ಹದಿನಾರು ತುಂಬಿಲ್ಲ. ಒಂದೇ ಸಲಕ್ಕೆ ಒಂಬತ್ತು ದೋಸೆ’ ಎಂದು ಬರೆದಿದ್ದೇನೆ. ಕ್ಲಬ್ಬಿನವರು ಬೇರೆ ಹುಡುಗರನ್ನು ಗುರುತಿಲ್ಲದವರ ಮನೆಗಳಲ್ಲಿ ಇರಿಸುತ್ತಿದ್ದರು, ನಮ್ಮ ಹುಡುಗನಿಗೆ ದೊಡ್ಡಮ್ಮನ ಮನೆಯೇ ಇದೆ ಎಂದು ನೀನು ಎಷ್ಟು ಸಮಾಧಾನಪಟ್ಟಿದ್ದೆ. ಆಟ ನನಗೆ ತಿಳಿಯದು. ಅವನು ಎಡಗಡೆಯ ಬಿಳಿ ಗೆರೆ ಹಿಡಿದು ಓಡುತ್ತಾನೆ, ಕೊನೆ ಮುಟ್ಟಿದ ಮೇಲೆ ಚೆಂಡನ್ನು ನಡುವಿಗೆ ಕಳಿಸುತ್ತಾನೆ, ಬೇರೆ ಯಾರೋ ಗೋಲು ಹೊಡೆದು ಕುಣಿಯುತ್ತಾರೆ. ‘ಎಂತ ಮಾರಾಯ, ಕಂಬಳದ ಕೋಣದ ಹಾಂಗೆ ಗೆರೆ ಹಿಡ್ದೇ ಓಡ್ತೆ, ನಡುವಿಗೆ ಬಪ್ಪುಕಾಗ ಅಂತ ಯಾರ್ ಹೇಳಿರ್?’ ಎಂದು ಇವರು ಕೆಣಕುತ್ತಿದ್ದರು. ‘ದಟ್ಸ್ ಮೈ ಜಾಬ್, ದೊಡ್ಡಪ್ಪ’ ಎನ್ನುತ್ತಿದ್ದ. 2001ರ ಕ್ರಿಸ್‌ಮಸ್ ಮರುದಿನ ದೊಡ್ಡ ತಂಡದಲ್ಲಿ ಅವನಿಗೆ ಮೊದಲ ಬಾರಿ ಇಪ್ಪತ್ತು ನಿಮಿಷ ಸಿಕ್ಕಿತು. ಇವರು ರಜೆ ಹಾಕಿ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಮ್ಮ ಹಿಂದೆ ಕುಳಿತಿದ್ದ ಬಿಳಿಯ ಅಜ್ಜ ಅವನ ಹೆಸರನ್ನು ತಪ್ಪುತಪ್ಪಾಗಿ ಕೂಗಿದ. ಇವರು ತಿರುಗಿ ಆ ಅಜ್ಜನಿಗೆ ಸರಿಯಾಗಿ ಹೇಳಲು ಕಲಿಸಿದರು. ಆಮೇಲೆ ಇನ್ನೂ ಆರು ಪಂದ್ಯ. ಅಷ್ಟೇ, ವಾರಿಜಾ. ಏಳು ಪಂದ್ಯ, ಒಂದು ಪುಟದಲ್ಲಿ ಮುಗಿಯುತ್ತದೆ.

ಇವರು ತೀರಿಕೊಂಡಾಗ ಹದಿಮೂರು ದಿನವೂ ಅಭ್ಯಾಸ ಮುಗಿಸಿ ನೇರ ಮನೆಗೆ ಬಂದು ನನ್ನ ಪಕ್ಕ ಕುಳಿತ. ಅವನಿಗೆ ಕನ್ನಡ ತಿಳಿಯುತ್ತದೆ, ಮಾತಾಡಲು ಬಾರದು, ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

ಈ ಜನವರಿಯಲ್ಲಿ ಒಂದು ಬುಧವಾರ ಎರಡನೆಯ ತಂಡದ ಪಂದ್ಯದಲ್ಲಿ ಎದುರಾಳಿಯ ಮೊಣಕಾಲು ಅವನ ಎಡತೊಡೆಗೆ ಬಡಿಯಿತು. ಶನಿವಾರ ದೊಡ್ಡ ತಂಡದಲ್ಲಿ ಶುರುವಿನಿಂದಲೇ ಆಡಿಸುವ ಮಾತಿತ್ತು. ಚೆನ್ನಾಗಿ ಆಡಿದರೆ ಕ್ಲಬ್ ಇನ್ನೆರಡು ವರ್ಷ ಇಟ್ಟುಕೊಳ್ಳುತ್ತಿತ್ತು. ಶನಿವಾರ ಅವನು ಹನ್ನೊಂದು ನಿಮಿಷ ಆಡಿದ. ಗೆರೆಯ ಮೇಲೆ ಓಡುತ್ತಿದ್ದವನು ಹಾಗೇ ಕುಳಿತುಬಿಟ್ಟ. ವಾರಗಳು ಕಳೆದರೂ ತೊಡೆಯ ಗಟ್ಟಿ ಬಾವು ಇಳಿಯಲಿಲ್ಲ. ಎಕ್ಸ್‌ರೇ ತೆಗೆದರೆ ಮಾಂಸದೊಳಗೆ ಎಲುಬು ಬೆಳೆದಿದೆ. ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಒಂದು ವರ್ಷ ಕಾದು ಆಪರೇಷನ್ ಮಾಡಬಹುದು, ಮೊದಲಿನ ಓಟ ಬರುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ಮೊದಲ ದಿನವೇ ತಿಳಿಸಿದ್ದರೆ ಬರಿಯ ಐಸ್ ಇಟ್ಟು ಮೂರು ವಾರದಲ್ಲಿ ಸರಿಮಾಡುತ್ತಿದ್ದೆವು ಎಂದು ಕ್ಲಬ್ಬಿನವರು ಬರೆದರು. ಆ ಕಾಗದವನ್ನೇ ಮುಕುಂದರು ಓದಿರುವುದು.

ಅವನು ಈಗ ಮೆಟ್ಟಿಲನ್ನು ಒಂದೊಂದಾಗಿ ಇಳಿಯುತ್ತಾನೆ, ಬಲಗಾಲು ಮೊದಲು, ಎಡಗಾಲು ಆಮೇಲೆ. ಅಡುಗೆಮನೆಯಲ್ಲಿ ನಿಂತು ಆ ಸದ್ದು ಕೇಳುತ್ತೇನೆ. ಆಡುವ ಬೂಟುಗಳನ್ನು ಚಾರಿಟಿ ಅಂಗಡಿಗೆ ಕೊಟ್ಟು ಬಂದ. ಬಚ್ಚಲಿನ ಕಿಟಕಿಯಲ್ಲಿದ್ದ ಅಮ್ಮನ ಕಾಲದ ಎಣ್ಣೆ ಶೀಶೆಯನ್ನು ನಾನು ಎಸೆದೆ. ದೇವರಿಗೆ ದೀಪ ಹಚ್ಚುತ್ತೇನೆ, ಕೇಳಿಕೊಳ್ಳಲು ಏನೂ ತೋಚುವುದಿಲ್ಲ.

ಮುಕುಂದರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಹಣೆಯ ಕುಂಕುಮ ತಣ್ಣಗಿರಲಿ, ಮನೆಯಲ್ಲಿ ಮಾತುಕತೆ ಇರಲಿ.

ನಿನ್ನ ಅಕ್ಕ,
ಸುಗಂಧಿ

ಅಂಟಿಸಿದ್ದ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ಜನವರಿಯ ಆ ಬುಧವಾರ ಸಂಜೆ ಅವನು ಕ್ಲಬ್ಬಿನಲ್ಲಿ ಗಾಯ ನೋಡುವ ಫಿಸಿಯೋಗೆ ಫೋನ್ ಮಾಡಲು ಹೊರಟಿದ್ದ. ಬೇಡ ಎಂದವಳು ನಾನು. ಹೇಳಿದರೆ ಶನಿವಾರ ಆಡಿಸುವುದಿಲ್ಲ, ಅಷ್ಟರಲ್ಲಿ ನಾನೇ ಸಡಿಲ ಮಾಡುತ್ತೇನೆ ಎಂದೆ. ಅಮ್ಮ ಊರವರ ಉಳುಕು ತೆಗೆಯುತ್ತಿದ್ದಳಲ್ಲ, ಹಾಗೆಯೇ ಬಿಸಿ ಎಣ್ಣೆ ಹಾಕಿ, ಉಪ್ಪಿನ ಶಾಖ ಕೊಟ್ಟು, ಮೂರು ದಿನ ಹೆಬ್ಬೆರಳು ಒತ್ತಿ ಉಜ್ಜಿದೆ. ಅವನು ದಿಂಬು ಕಚ್ಚಿಕೊಂಡ. ‘ನೋವ್ ಇದ್ರೇ ನರ ಸಡ್ಲ ಆಪ್ದು’ ಎಂದು ಅಮ್ಮನ ಮಾತನ್ನೇ ಹೇಳಿ ಇನ್ನೂ ಒತ್ತಿದೆ. ಏಟು ಬಿದ್ದ ಮಾಂಸವನ್ನು ಹಾಗೆ ಉಜ್ಜಿದರೆ ಒಳಗಿನ ರಕ್ತ ಎಲುಬಾಗುವುದುಂಟಂತೆ. ಯಾರಾದರೂ ಮಸಾಜ್ ಮಾಡಿದರೇ ಎಂದು ಡಾಕ್ಟರು ಕೇಳಿದರು. ಪ್ರಶ್ನೆ ನನಗೆ ಅರ್ಥವಾಯಿತು. ಸಂದೇಶ ನನ್ನನ್ನು ನೋಡಿ, ‘ನೋಬಡಿ’ ಎಂದ. ಅವನು ಹೇಳಿದ ಸುಳ್ಳು ಅದೊಂದೇ. ಇದನ್ನು ಮುಕುಂದರಿಗೆ ಓದಿ ಹೇಳು, ವಿಮಾನ ನಿಲ್ದಾಣಕ್ಕೆ ಅವರೇ ಬರಲಿ. ಮತ್ತೆ ಅವನ ತೊಡೆಗೆ ನೀನು ಏನೂ ಹಚ್ಚಬೇಡ, ವಾರಿಜಾ.